ಅಧ್ಯಕ್ಷೆಯನ್ನು ಹೊರಗೆ ಕೂರಿಸಿದ ಡಾಕ್ಟರು

ಅಂಧೇರಿ, ಮುಂಬೈ
೯ ಫೆಬ್ರವರಿ ೨೦೨೫

ಮುದ್ದಿನ ಮಗಳು ಲಾವಣ್ಯಾ,

ಹೇಗಿದ್ದೀ? ಧಾರವಾಡದ ಹಾಸ್ಟೆಲಿನ ಊಟಕ್ಕೆ ಹೊಟ್ಟೆ ಒಗ್ಗಿತೇ? ನನ್ನ ಮೊಣಕಾಲು ನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ರೋಗವೂ ಇಲ್ಲ. ಫೋನಿನಲ್ಲಾದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಧಾರಾವಿಯ ಧರ್ಮಣ್ಣನ ಮಗ ಶೇಖರನಿಗೆ ನಿನ್ನನ್ನು ಕೊಡುವುದಾಗಿ ಮಾತು ಕೊಟ್ಟಿದ್ದೇನೆ. ಅವರ ಚರ್ಮದ ಬ್ಯಾಗಿನ ಕಾರ್ಖಾನೆ ಚೆನ್ನಾಗಿ ನಡೆದಿದೆ, ನನ್ನ ದಂಧೆ ಗೊತ್ತಿದ್ದೂ ಒಪ್ಪಿದ್ದಾರೆ. ಹೋಳಿ ಮುಗಿದ ಮೇಲೆ ಎಲೆ-ಅಡಿಕೆ ಶಾಸ್ತ್ರ, ರಜೆ ಹಾಕಿ ಬಾ.

ಇನ್ನು ಇಲ್ಲಿಯ ಸುದ್ದಿ. ಡಾಕ್ಟರು ಸ್ನೇಹಲ್ ಎಂಬಾಕೆ ಯಾವುದೋ ಸಂಶೋಧನೆಗೆಂದು ಮೈ ಮಾರುವ ದಂಧೆಯ ನಮ್ಮ ಹೆಂಗಸರ ರಕ್ತ ತೆಗೆಯಲು ಬಂದಿದ್ದಳು. ನಾನು ಸಂಘದ ಅಧ್ಯಕ್ಷೆ. ಗಣಪತಿ ಹಬ್ಬದ ಚಂದಾ ಎತ್ತುವುದರಿಂದ ಪೊಲೀಸ್ ಸ್ಟೇಷನ್ನಿನ ಕೆಲಸದ ತನಕ, ನಾನು ಹೂಂ ಅಂದರೆ ಎಲ್ಲರೂ ಹೂಂ ಅಂದಂತೆ. ಎಲ್ಲರ ರವಿಕೆಯ ತೋಳು ಮೇಲೇರಿಸಿ ಸಾಲಾಗಿ ನಿಲ್ಲಿಸಿ, “ಎಲ್ಲಾರದೂ ಒಪ್ಪಿಗಿ ಅದ ಮೇಡಂ, ತಗೋರಿ” ಎಂದೆ. ಆಕೆ ನಕ್ಕು, ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಬೇಕು, ನೀವು ಹೊರಗಿರಿ ಎಂದಳು. ನನ್ನ ಆಫೀಸಿನಿಂದ ನನ್ನನ್ನೇ ಹೊರಗೆ ಹಾಕಿ ಬಾಗಿಲು ಮುಚ್ಚಿದಳು. ಚಪ್ಪಲಿ ಕಾಯುವವಳ ಹಾಗೆ ಮೆಟ್ಟಿಲ ಮೇಲೆ ಕೂತಿದ್ದೆ.

ಮೊದಲು ಹೊರಬಂದವಳು ಶಿವಕುಮಾರಿ, ನಾನು ಕೆಮ್ಮಿದರೂ ನಡುಗುವವಳು. “ನಾ ಒಲ್ಲೆ ಅಂದೆ, ಅಕ್ಕಾ” ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಒಳಗೆ ನುಗ್ಗಿ, “ಅಕೀನ್ನ ನಾ ಒಪ್ಪಸ್ತೀನಿ” ಎಂದೆ. ನೀವು ಒಪ್ಪಿಸಿದ ರಕ್ತ ನಮಗೆ ಬೇಡ ಎಂದಳು ಡಾಕ್ಟರು. ಒಲ್ಲೆ ಅಂದವರಿಗೂ ದವಾಖಾನೆಯಲ್ಲಿ ತಪಾಸಣೆ, ಮಾತ್ರೆ ಮೊದಲಿನಂತೆಯೇ ಸಿಗುತ್ತವಂತೆ. ಆಮೇಲೆ ನನ್ನ ಕಡೆ ತಿರುಗಿ, ಇಂದ್ರಾಬಾಯಿ, ನಿಮಗೆ ಇಷ್ಟವಿದೆಯೇ ಎಂದು ಕೇಳಿದಳು. ಸಂಘದ ಪರವಾಗಿ ಬೇಕಾದಷ್ಟು ಉತ್ತರ ನನ್ನಲ್ಲಿತ್ತು, ನನ್ನ ಪರವಾಗಿ ಒಂದೂ ಇರಲಿಲ್ಲ. ಊರಿನಿಂದ ಇಲ್ಲಿಗೆ ಕರೆತಂದವರೂ ನನ್ನನ್ನು ಆ ಮಾತು ಕೇಳಿರಲಿಲ್ಲ, ಮಗಳೇ. ಸಂಕಟವಾಗಿ ಕಣ್ಣು ತುಂಬಿತು. ಸೂಜಿಗೆ ಹೆದರಿದೆನೆಂದು ತಿಳಿದು ಶಿವಕುಮಾರಿ ಬೆನ್ನು ಸವರಿ ಸಮಾಧಾನ ಮಾಡಿದಳು. ಅವಳ ಮೇಲೆ ಇನ್ನೂ ಮುನಿಸಿದೆ.

ಮೈ ಹುಷಾರು. ನನ್ನ ಆಯಸ್ಸಿನಲ್ಲಿ ಅರ್ಧ ನಿನಗೇ ಬರಲಿ.

ನಿನ್ನ ಅವ್ವ,
ಇಂದ್ರಾಬಾಯಿ

ತಾ.ಕ.: ಅಂಚೆ ಡಬ್ಬಿಯ ತನಕ ಹೋಗಿ ತಿರುಗಿ ಬಂದೆ. ಧರ್ಮಣ್ಣನಿಗೆ ಫೋನ್ ಮಾಡಿ, ಮಗಳನ್ನು ಕೇಳಿಲ್ಲ, ತಡೆಯಿರಿ ಎಂದಿದ್ದೇನೆ. ಶೇಖರ ನಿನಗೆ ಇಷ್ಟವೇ? ಒಲ್ಲೆ ಅಂದರೂ ನಿನ್ನ ಓದು ನಿಲ್ಲುವುದಿಲ್ಲ. ನಾನು ಸಿಟ್ಟಾಗುತ್ತೇನೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಯಾರನ್ನೂ ಕೇಳದೆ ಉತ್ತರ ಬರೆ, ನನ್ನನ್ನೂ ಕೇಳಬೇಡ.