ಬಿಟ್ಟುಹೋಗಿದ್ದ ಒಂದು ಸಾಲು

ತಿರುವಲ್ಲಿಕ್ಕೇಣಿ, ಚೆನ್ನೈ
9 ಆಗಸ್ಟ್ 2002

ಪ್ರೀತಿಯ ತಮ್ಮ ಮುರಳಿಗೆ,

ಹೇಗಿದ್ದೀಯೋ? ಹೊಸೂರಿನ ಹವೆಗೆ ನಿನ್ನ ಕೆಮ್ಮು ಕಡಿಮೆಯಾಯಿತೇ? ಚಿಕ್ಕಮ್ಮ ಮೆಣಸಿನ ಸಾರು ಮಾಡಿಕೊಟ್ಟರೆ ಮುಖ ಸಿಂಡರಿಸದೆ ಕುಡಿ. ಇಲ್ಲಿ ಅಪ್ಪ, ಅಮ್ಮ ಆರೋಗ್ಯವಾಗಿದ್ದಾರೆ.

ಎಗ್ಮೋರಿನ ಕಣ್ಣಾಸ್ಪತ್ರೆಗೆ ನಮ್ಮ ಆಫೀಸಿನಿಂದ ಮಾಡಿಕೊಟ್ಟ ಪ್ರೋಗ್ರಾಮ್ ಹನ್ನೆರಡು ದಿನದಿಂದ ಒಮ್ಮೆಯೂ ನಿಂತಿಲ್ಲ ಕಣೋ. ತಪ್ಪು ನಿನ್ನದಾಗಿರಲಿಲ್ಲ. ನೀನು ಬರೆದ ಟೋಕನ್ ವಿಂಡೋದಲ್ಲೇ ಪರದೆ ಸ್ತಬ್ಧವಾಗುತ್ತಿದ್ದುದರಿಂದ ಮ್ಯಾನೇಜರ್ ಉಪೇಂದ್ರ ಮೀಟಿಂಗಿನಲ್ಲಿ ನಿನ್ನನ್ನು ಬೈದರು. ಮರುದಿನವೇ ನೀನು ರಾಜೀನಾಮೆ ಕೊಟ್ಟು ಬಸ್ಸು ಹತ್ತಿದೆ. ಪಕ್ಕದಲ್ಲೇ ಕೂತಿದ್ದ ಈ ನಿನ್ನ ಅಕ್ಕ ನಿನ್ನ ಪರವಾಗಿ ಬಾಯಿ ಬಿಡಲಿಲ್ಲ. ಆ ಮೇಲೆ ನಿನ್ನ ಕೋಡ್ ನನ್ನ ಪಾಲಿಗೇ ಬಂತು. ವಾರವೆಲ್ಲ ಓದಿದೆ, ಒಂದು ಕೊಂಕೂ ಸಿಗಲಿಲ್ಲ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀಯೋ!

ಕೊನೆಗೆ ಆಸ್ಪತ್ರೆಗೇ ಹೋಗಿ ಟೋಕನ್ ಕೊಡುವ ನಾಗರತ್ನಮ್ಮನ ಪಕ್ಕ ಕೂತೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಗೋಡೆ ಹಿಡಿದು ಸಾಲಾಗಿ ನಿಂತಿದ್ದರು. ಹನ್ನೊಂದಕ್ಕೆ ಸರಿಯಾಗಿ ಪರದೆ ನಿಂತಿತು. "ನೋಡಮ್ಮಾ, ದಿನಾ ಇದೇ ಟೈಮ್‌ಗೆ ಇದಕ್ಕೂ ಹಸಿವಾಗತ್ತೆ. ಜನ ಕಮ್ಮಿ ಇದ್ರೆ ಮಾತ್ರ ಸಾಯಂಕಾಲದವರೆಗೂ ಓಡತ್ತೆ" ಎಂದರು ಆಕೆ. ನನ್ನ ತಲೆಗೆ ಆಗ ಹೊಳೆಯಿತು: ನಿಲ್ಲಿಸುತ್ತಿದ್ದುದು ಗಡಿಯಾರವಲ್ಲ, ರೋಗಿಗಳ ಸಂಖ್ಯೆ.

ನಿನಗಿಂತ ಮೊದಲು ಚಿಕ್ಕಮ್ಮ ಈ ಕಾಗದ ಓದುತ್ತಾರೆಂದು ಗೊತ್ತು. ಅವರಿಗೂ ತಿಳಿಯಲೆಂದು ಬಿಡಿಸಿ ಬರೆಯುತ್ತೇನೆ. ಕಿಟಕಿಯಂಥ ಈ ವಿಂಡೋಗಳನ್ನು ನಾವು ಮೊದಲಿನಿಂದ ಕಟ್ಟುವುದಿಲ್ಲ. ಫ್ರೇಮ್‌ವರ್ಕ್ ಎಂಬುದು ಸಿದ್ಧವಾಗಿ ಕೊಡುತ್ತದೆ. ಅದರ ಮೇಲೆ ನಮ್ಮ ಆಫೀಸಿನಲ್ಲಿ ಒಂದು ಮೂಲ ವಿಂಡೋ ಮಾಡಿಕೊಂಡಿದ್ದೆವು, ಉಳಿದವೆಲ್ಲ ಅದರಿಂದ ಹುಟ್ಟಿದವು. ಮುಚ್ಚುವಾಗ ನಮ್ಮ ಕೆಲಸವಾದ ಮೇಲೆ ಫ್ರೇಮ್‌ವರ್ಕಿನ ಸ್ವಂತ ಫಂಕ್ಷನ್ನನ್ನೂ, ಅಂದರೆ ಜಾಗ ಖಾಲಿ ಮಾಡುವ ಅದರ ಆಜ್ಞೆಯನ್ನೂ, ಕರೆಯಬೇಕು. ಮೂಲ ವಿಂಡೋದಲ್ಲಿ ಆ ಒಂದು ಸಾಲು ಬಿಟ್ಟುಹೋಗಿತ್ತು. ಹಾಗಾಗಿ ಮುಚ್ಚಿದ ವಿಂಡೋ ಕಣ್ಣಿಗೆ ಕಾಣದಿದ್ದರೂ ಕಂಪ್ಯೂಟರಿನೊಳಗೆ ಜಾಗ ಹಿಡಿದು ಕೂತಿರುತ್ತಿತ್ತು. ಬೇರೆಯವರ ವಿಂಡೋಗಳು ದಿನಕ್ಕೆ ಎರಡು ಸಲ ತೆರೆದರೆ ಹೆಚ್ಚು; ನಿನ್ನದು ಪ್ರತಿ ರೋಗಿಗೂ ತೆರೆಯಬೇಕು. ನೂರ ಮೂವತ್ತು ದಾಟಿದರೆ ಕಂಪ್ಯೂಟರಿನ ಉಸಿರು ಕಟ್ಟುತ್ತಿತ್ತು. ಸಾಲು ಸೇರಿಸಿ, ಮುನ್ನೂರು ಸಲ ತೆರೆದು ಮುಚ್ಚಿ ನೋಡಿದೆ. ಏನೂ ಆಗಲಿಲ್ಲ. ಕುರ್ಚಿಯಲ್ಲೇ ಕೂತು ಅತ್ತುಬಿಟ್ಟೆ ಕಣೋ, ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ರಂಜನಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಮೂಲ ವಿಂಡೋ ಬರೆದವಳು ನಾನೇ, ನೀನು ಸೇರುವ ಮುಂಚೆ. ಸಾಲು ಸಿಕ್ಕ ಮೇಲೂ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಎಲ್ಲರೆದುರು ಹೇಳಿದೆ. ಉಪೇಂದ್ರ ಎದ್ದು ಹೋಗಿ ನಿನ್ನ ರಾಜೀನಾಮೆ ಪತ್ರ ತಂದು, "ಇನ್ನೂ ಮೇಲಕ್ಕೆ ಕಳಿಸಿಲ್ಲ, ಅವನಿಗೇ ಕೊಡು. ನಾನೂ ಸಾರಿ ಹೇಳ್ಬೇಕು" ಎಂದರು. ಇದರೊಳಗೆ ಇಟ್ಟಿದ್ದೇನೆ. ಹರಿಯುವುದೂ ಬಿಡುವುದೂ ನಿನ್ನಿಷ್ಟ. ನನ್ನನ್ನು ಬೈಯುವುದಿದ್ದರೆ ಮಾತ್ರ ಎದುರಿಗೇ ಬಂದು ಬೈಯಿ, ಪೂರ್ತಿ ಕೇಳುತ್ತೇನೆ.