ಮಸೂತಿಗೆ ಹೋದ ಕೂಸು

ಮನಗೂಳಿ
14 ಫೆಬ್ರುವರಿ 1959

ಪ್ರೀತಿಯ ಅವ್ವನಿಗೆ,

ಬೆಟಗೇರಿಯ ಎಲ್ಲರಿಗೂ ನಮ್ಮಿಬ್ಬರ ವಂದನೆಗಳು. ಕ್ರಿಸ್ಮಸ್ಸಿಗೆ ಬರುತ್ತೇನೆ ಎಂದವಳು ಬರಲಿಲ್ಲ, ಕಾಗದವನ್ನೂ ಹಾಕಲಿಲ್ಲ. ‘ನಮ್ಮ ಕೃಪಾ ಇದ್ದಾಳೋ ಸತ್ತಾಳೋ’ ಎಂದು ನೀನು ಓಣಿಯವರ ಮುಂದೆ ಬೈದದ್ದು ನನ್ನ ಕಿವಿಗೂ ಬಿದ್ದಿದೆ. ಬೈಯವ್ವಾ, ಬೈಯಿ, ಆದರೆ ಮೊದಲು ಸುದ್ದಿ ಕೇಳು. ಕೂಸು ಹೋದ ವಾರ ಮಸೂತಿ ಊರಿಗೆ, ತನ್ನ ಅಪ್ಪನ ಮನೆಗೆ ಹೋಯಿತು. ತನ್ನ ಕಾಲಲ್ಲಿ ತಾನೇ ಹೊಸ್ತಿಲು ದಾಟಿತು!

ನಿನಗೆ ಇದನ್ನೆಲ್ಲ ಚೂರುಚೂರಾಗಿ ಬರೆದಿದ್ದೆ, ಇಂದು ಪೂರ್ತಿ ಬರೆಯುತ್ತೇನೆ. ಆಚೆ ವರ್ಷದ ಶ್ರಾವಣದಲ್ಲಿ ನನ್ನ ಕೂಸನ್ನು ಮಣ್ಣಿಗಿಟ್ಟು ಇನ್ನೂ ವಾರವಾಗಿರಲಿಲ್ಲ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಗೋಡೆಗೆ ಮುಖ ಮಾಡಿ ಮಲಗಿದ್ದೆ. ಆಗ ನನ್ನ ಸುದ್ದಿ ಕೇಳಿ ಮಸೂತಿಯಿಂದ ಲಾಲಬಿ ಚಕ್ಕಡಿಯಲ್ಲಿ ಬಂದಳು. ಅವಳ ಸೊಸೆ ಸಾಬೀರಾ ಹೆತ್ತ ಮೂರನೆಯ ದಿನಕ್ಕೆ ತೀರಿಕೊಂಡಿದ್ದಳಂತೆ. ಕೂಸಿಗೆ ಆಡಿನ ಹಾಲು ದಕ್ಕಿರಲಿಲ್ಲ. ಅಜ್ಜಿಯ ಸೆರಗಿನಲ್ಲಿ ಅಳಲೂ ಶಕ್ತಿಯಿಲ್ಲದೆ ಬಾಯಿ ಮಾತ್ರ ಆಡಿಸುತ್ತಿತ್ತು.

ಆದರೂ ಲಾಲಬಿ ಬಾಗಿಲಲ್ಲೇ ನಿಂತಳು. “ನಮ್ಮಲ್ಲಿ ಹಾಲು ಕುಡಿಸಿದಾಕಿ ತಾಯಿ ಆಗ್ತಾಳವಾ. ನಾಳೆ ನಿನಗ ಹೆಣ್ಣ ಹುಟ್ಟಿದ್ರ ಅದು ಇವನ ತಂಗಿ. ಅವರಿಬ್ಬರಿಗೆ ಲಗ್ನ ಮಾಡಾಕ ಬರಾಂಗಿಲ್ಲ. ಇದನ್ನ ಹೇಳದ ಕುಡಸು ಅಂದ್ರ ಅಲ್ಲಾಗ ಮೋಸ ಮಾಡಿದಂಗ.”

ನನಗೆ ಸಿಟ್ಟು ಬಂತು. “ಮೊದ್ಲ ಕೂಸಿನ್ನ ಕೊಡ್ರಿ ಇತ್ಲಾಗ, ಲಗ್ನದ ಮಾತು ಆಮ್ಯಾಲ ಆಡೂಣು!” ಎಂದು ಕಸಿದುಕೊಂಡೆ. ಎಷ್ಟು ದಿನಗಳ ಮೇಲೆ ಎದ್ದು ಕೂತಿದ್ದೆನೋ, ಅದೂ ನೆನಪಿಲ್ಲ.

ಕೂಸು ನಮ್ಮಲ್ಲೇ ಉಳಿಯಿತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರಾದ ದಾನಿಯೇಲಪ್ಪನವರು, “ಹೆಂಗಿದ್ರೂ ನಿಮ್ಮ ಮನ್ಯಾಗ ಬೆಳ್ಯಾಕತ್ತೈತಿ, ದೀಕ್ಷಾಸ್ನಾನ ಕೊಟ್ಟಬಿಡೂಣಲ್ಲ” ಎಂದರು. ನಿನ್ನ ಅಳಿಯ ಹಿರಿಯರಿಗೆ ಎಂದಾದರೂ ಎದುರಾಡಿದ್ದು ಉಂಟೇನವ್ವಾ? ಅಂದು ಎದ್ದು ನಿಂತರು. “ಹಸದವರಿಗೆ ಉಣಸ್ರಿ ಅಂದಾನ ನಮ್ಮ ಸ್ವಾಮಿ. ಉಣಿಸಿ ಹಿಡಕೊಳ್ರಿ ಅಂದಿಲ್ರಿ. ಹಲ್ಲು ಬಂದು ರೊಟ್ಟಿ ತಿನ್ನಾಕ ಹತ್ತಿದ ಮ್ಯಾಲ ಕೂಸು ಅವರ ಮನಿಗೆ ಹೋಗತೈತಿ. ಮಾತು ಕೊಟ್ಟೇನಿ.” ನನಗೋ, ಇಂಥವರನ್ನು ಹುಡುಕಿ ಕೊಟ್ಟಳಲ್ಲ ನಮ್ಮವ್ವ ಎಂದು ನಿನ್ನ ಮೇಲೇ ಹೆಮ್ಮೆಯಾಯಿತು.

ಆ ಮಾತು ಉಳಿಸಿಕೊಂಡೆವು. ಕೂಸಿನ ಅಪ್ಪ ಶಮಶುದ್ದೀನ ಚಕ್ಕಡಿ ಕಟ್ಟಿಕೊಂಡು ಬಂದಿದ್ದ. ನನಗೆ ಇಳಕಲ್ ಸೀರೆ ತಂದಿದ್ದ. ತಲೆ ಎತ್ತದೆ ಕೈಯಲ್ಲಿಟ್ಟ. ಲಾಲಬಿ ಮಾತ್ರ ಓಣಿಗೆಲ್ಲ ಕೇಳುವಂತೆ ಕೂಗಿದಳು: “ಈಕಿ ನಮ್ಮ ಗುಡುಸಾಬನ ತಾಯಿ! ನಮ್ಮ ಮನ್ಯಾಗ ಶಾದಿ ಇರ್ಲಿ, ಈದ ಇರ್ಲಿ, ಈಕಿ ಬರೂತನಕ ಒಲಿ ಹಚ್ಚಾಂಗಿಲ್ಲ!” ದಾನಿಯೇಲಪ್ಪನವರೂ ಅಲ್ಲಿದ್ದರು. ಜೇಬಿನಿಂದ ಬೆಲ್ಲದ ಚೂರು ತೆಗೆದು ಕೂಸಿನ ಕೈಗಿಟ್ಟರು.

ನಿನ್ನ ಮಗಳು ಈ ಭಾನುವಾರ ಸಭೆಯಲ್ಲಿ ತಲೆ ಎತ್ತಿ ಕೂತಿದ್ದಳು. ನಿನ್ನ ಪ್ರಾರ್ಥನೆಯಲ್ಲಿ ಆ ಕೂಸನ್ನೂ ನೆನೆ. ಕರ್ತನು ನಿನ್ನ ಮೊಣಕಾಲಿಗೆ ಬಲ ಕೊಡಲಿ, ತಮ್ಮನಿಗೆ ಬುದ್ಧಿ ಕೊಡಲಿ.

ನಿನ್ನ ಮಗಳು,
ಕೃಪಾವತಿ

ತಾ.ಕ.: ಕಾಗದ ಮಡಿಚಿಟ್ಟಿದ್ದೆ. ಸಂತೆಗೆ ಬಂದಿದ್ದ ಲಾಲಬಿ ಈಗಷ್ಟೇ ಎದ್ದು ಹೋದಳು. “ಗುಡುಸಾಬಾ ಅಂತ ಎಷ್ಟ ಕರದ್ರೂ ಹೊಳ್ಳಿ ನೋಡವಲ್ಲ. ಕಿವಿ ಮಂದ ಅದಾವೇನವಾ? ಬಿಜಾಪುರಕ್ಕ ಒಯ್ದು ಡಾಕ್ಟರಿಗೆ ತೋರಸೂಣೇನು?” ಎಂದು ಅತ್ತಳು. ಚಹಾ ಕೊಟ್ಟು ಕಳಿಸಿಬಿಟ್ಟೆ.

ಅವನ ಕಿವಿ ಚೆನ್ನಾಗಿವೆ ಅವ್ವಾ. ನನ್ನ ಕೂಸಿಗೆ ಆನಂದ ಎಂದು ಹೆಸರಿಡಬೇಕೆಂದಿದ್ದೆವಲ್ಲ? ಮನೆಯಲ್ಲಿ ಯಾರೂ ಇಲ್ಲದಾಗಲೆಲ್ಲ ಇವನನ್ನು ಹಾಗೆಯೇ ಕರೆದೆ. ಉಳಿದವರ ಮುಂದೆ ‘ಕೂಸೇ’ ಎಂದಷ್ಟೇ ಕರೆಯುತ್ತಿದ್ದೆ, ನಿನ್ನ ಅಳಿಯನಿಗೂ ಇದು ಗೊತ್ತಿಲ್ಲ. ಆ ಕೂಸಿಗೆ ಗೊತ್ತಿರುವುದು ಅದೊಂದೇ ಹೆಸರು. ನಾಳೆ ಮಸೂತಿಗೆ ಹೋಗಿ ಲಾಲಬಿಗೆ ಹೇಳಬೇಕು, ಆ ಹೆಸರು ಮರೆಸಿಬಿಡಿ ಎಂದು ನಾನೇ ಹೇಳಬೇಕು. ಒಮ್ಮೆ ಬಂದು ಹೋಗು ಅವ್ವಾ.