ಜಾರಿದ ಒಂದು ಗೇಣು

ಹದಿನಾಲ್ಕು, ಮಂಗಳವಾರ.

ಕರಗಿದ ಕಬ್ಬಿಣ ಎತ್ತುವ ಕ್ರೇನು ಇವತ್ತು ತಾನಾಗಿಯೇ ಒಂದು ಗೇಣು ಕೆಳಕ್ಕೆ ಜಾರಿತು. ಪುಣ್ಯಕ್ಕೆ ಕೊಪ್ಪರಿಗೆ ಖಾಲಿಯಿತ್ತು.

ಮೋಟಾರು ಎಷ್ಟು ತಿರುಗಿತೆಂದು ಅದನ್ನು ಓಡಿಸುವ ಡ್ರೈವ್‌ಗೆ ತಿಳಿಸುವ ಎನ್‌ಕೋಡರ್ ಹೋದ ವಾರ ಕೆಟ್ಟಿತ್ತು. ಅದಿಲ್ಲದೆಯೇ ಓಡುವಂತೆ ಸೆಟ್ಟಿಂಗ್ ಬದಲಿಸಿದವನು ನಾನೇ. ಈಗ ಡ್ರೈವ್ ವೋಲ್ಟೇಜು, ಫ್ರೀಕ್ವೆನ್ಸಿ ಕೊಡುತ್ತದೆ, ಅಷ್ಟೆ. ಮೋಟಾರು ಭಾರ ಹಿಡಿದಿದೆಯೋ ಬಿಟ್ಟಿದೆಯೋ ಅದಕ್ಕೆ ತಿಳಿಯದು. ನಿಧಾನಕ್ಕೆ ಇಳಿಸುವಾಗಲಂತೂ ಹಿಡಿತ ತೀರಾ ಸಡಿಲ.

ಮ್ಯಾನೇಜರಿಗೆ ಹೇಳಿದೆ. "ಒಂದು ಗೇಣಿಗೆಲ್ಲ ಕೆಲಸ ನಿಲ್ಲಿಸೋಕಾಗುತ್ತೇನ್ರೀ? ನಾಳೆ ತುಂಬಿಸಿ ಎತ್ತಿ" ಎಂದರು. ಹೂಂ ಎಂದು ಬಂದೆ. ಯಾಕೆ ಹೂಂ ಎಂದೆನೋ.

ಸಂಜೆ ಅಕ್ಕ, ಭಾವ ಊಟಕ್ಕೆ ಬಂದಿದ್ದರು. ಅಚ್ಚಿನ ಪಕ್ಕ ನಿಂತು ಆ ಕೊಪ್ಪರಿಗೆ ಬಗ್ಗಿಸುವುದು ಭಾವನ ಕೆಲಸ. ಜಾರಿದ ವಿಷಯ ಹೇಳಿ, "ನಾಳೆ ರಜೆ ಹಾಕಿಬಿಡಿ ಭಾವ" ಎಂದೆ.

ಅವರು ನಕ್ಕುಬಿಟ್ಟರು. "ಸೆಟ್ಟಿಂಗ್ ಮಾಡಿದ್ದು ನೀನೇ ತಾನೆ? ಮತ್ತೆ ನನಗೇನಪ್ಪಾ ಭಯ?"

ಅಕ್ಕ ನಗಲಿಲ್ಲ. ಬಡಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

ನಾಳೆ ಪಾಳಿ ಶುರುವಾಗುವುದು ಬೆಳಿಗ್ಗೆ ಆರಕ್ಕೆ. ಐದಕ್ಕೇ ಹೋಗಿ ಡ್ರೈವಿನ ಫ್ಯೂಸುಗಳನ್ನು ಕಿತ್ತು ಜೇಬಿಗಿಳಿಸುತ್ತೇನೆ. ಕೆಲಸ ಹೋದರೆ ಹೋಗಲಿ. ಆದರೆ ಸ್ಟೋರಿನಲ್ಲಿ ಅಂಥವು ಡಬ್ಬಿಗಟ್ಟಲೆ ಇವೆ, ಅದರ ಕೀಲಿ ಮ್ಯಾನೇಜರ ಹತ್ತಿರ, ಹೊಸವು ಹಾಕಿಸಲು ಐದು ನಿಮಿಷ ಸಾಕು, ಮತ್ತೆ ಭಾವ ಯಾವತ್ತೂ ಎಲ್ಲರಿಗಿಂತ ಮೊದಲೇ ಹೋಗಿ ಅಚ್ಚಿನ ಪಕ್ಕ ನಿಂತಿರುತ್ತಾರೆ…